ಏದುಸಿರು

ಹೊಸಿಲು ದಾಟುವಾಗ ಸದ್ದಾಗಬಾರದೆಂದು ಜಯಕುಮಾರ ಬೂಟುಗಳನ್ನು ಕೈಯಲ್ಲೇ ಹಿಡಿದುಕೊಂಡು ಅವ್ವನ ಮಂಚದ ಪಕ್ಕ ಒಂದೊಂದೇ ಹೆಜ್ಜೆ ಇಟ್ಟ. ನಲವತ್ತು ದಾಟಿದ ಗಂಡಸು ಸ್ವಂತ ಮನೆಯಿಂದ ಕಳ್ಳನ ಹಾಗೆ ಹೊರಬೀಳಬೇಕೆಂದರೆ ಅದೆಂಥ ಗ್ರಹಚಾರವೋ! ಅವ್ವನಿಗೆ ಕಣ್ಣು ಪೂರ್ತಿ ಹೋಗಿದೆ. ಎಡಗಿವಿ ಹೆಸರಿಗಷ್ಟೇ ಇದೆ, ಬಲಗಿವಿಗೆ ಬಾಯಿಟ್ಟು ಕೂಗಿದರೆ ಅಷ್ಟೋ ಇಷ್ಟೋ ಕೇಳುತ್ತದೆ. ಹಾಗಿದ್ದೂ ಅವನು ಹೊರಡುವುದು ಅವಳಿಗೆ ಗೊತ್ತಾಗಿಬಿಡುತ್ತದೆ. ನೆಲ ಹೇಳುತ್ತದೋ, ಮಂಚದ ಕಾಲು ಹೇಳುತ್ತದೋ, ದೇವರೇ ಬಲ್ಲ. "ಹೊಂಟ್ಯಾ?" ಎಂದಳು ಅಂಬುಜಮ್ಮ, ಗೋಡೆಯ ಕಡೆ ಮುಖ ಮಾಡಿಕೊಂಡೇ. ಅವನು ಉತ್ತರ ಕೊಡಲಿಲ್ಲ. ಕೊಡಬೇಕೆಂದರೆ ಬಗ್ಗಬೇಕು, ಬಗ್ಗಿದರೆ ಅವಳು ಕೈ ಹಿಡಿಯುತ್ತಾಳೆ, ಹಿಡಿದರೆ ಬಿಡುವುದಿಲ್ಲ, ಅಷ್ಟರಲ್ಲಿ ಬೆಳಕು ಹರಿದು ರಸ್ತೆಯ ತುಂಬ ಜನ. ಒಲೆಯ ಮುಂದೆ ಅವನ ಹೆಂಡತಿ ಪ್ರತಿಮಾ ಮುದ್ದೆ ತೊಳಸುತ್ತಿದ್ದಳು. ಕನಕಪುರದ ಗಾರ್ಮೆಂಟ್ಸಿನ ವ್ಯಾನು ಬರುವುದರೊಳಗೆ ಅವಳ ಕೆಲಸ ಮುಗಿಯಬೇಕು. ಅವಳು ತಲೆ ಎತ್ತಿ ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಅವನು ಜಗಲಿಗೆ ಬಂದು ಬೂಟು ಹಾಕಿಕೊಂಡ.

ಮೊಣಕಾಲುದ್ದದ ಚಡ್ಡಿಯ ಮೇಲೆ ಲುಂಗಿ ಸುತ್ತಿದ್ದ. ಚಡ್ಡಿಯಲ್ಲಿ ಉಯ್ಯಂಬಳ್ಳಿಯ ಬೀದಿ ದಾಟುವಷ್ಟು ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ. ಕೊನೆಯ ಮನೆಯ ಆಚೆ ಒಂದು ಬೇಲಿ, ಅದಕ್ಕೆ ಲುಂಗಿ ಸಿಕ್ಕಿಸಿ ಓಟ ಶುರು ಮಾಡುವುದು, ಹಿಂದಿರುಗುವಾಗ ಮತ್ತೆ ಸುತ್ತಿಕೊಂಡು ಮರ್ಯಾದಸ್ಥನಾಗಿ ಊರೊಳಗೆ ಬರುವುದು. ಇದೊಂದು ನಾಟಕ ಎಂದು ಅವನಿಗೂ ಗೊತ್ತು, ಊರಿಗೂ ಗೊತ್ತು. ಶುಗರ್ ಬಂದಿದೆ, ದಿನಾ ನಡೀರಿ ಎಂದಿದ್ದರು ಡಾಕ್ಟರು. ಓಡಿ ಎಂದು ಯಾರೂ ಹೇಳಿರಲಿಲ್ಲ. ಹೋದ ಬೇಸಗೆಯಲ್ಲಿ ಒಂದು ಸಂಜೆ ಅವ್ವನ ಬಟ್ಟೆ ಬದಲಿಸಿ, ಹಾಸಿಗೆ ತೊಳೆದು ಹಾಕಿ, ಬಕೆಟ್ಟು ಹಿಡಿದು ಹೊರಗೆ ಬಂದವನು ಬಕೆಟ್ಟನ್ನು ಅಲ್ಲೇ ಬಿಸಾಡಿ ಓಡಿಬಿಟ್ಟಿದ್ದ. ಎಲ್ಲಿಗೆ ಎಂದು ಯೋಚಿಸಿರಲಿಲ್ಲ, ಕಾಲು ಓಡಿತು ಅಷ್ಟೇ. ಎರಡನೇ ಕರೆಂಟು ಕಂಬದ ಹತ್ತಿರ ಎದೆ ಹಿಡಿದುಕೊಂಡು, ವಾಂತಿ ಮಾಡಿಕೊಂಡು, ಕಂಬಕ್ಕೆ ಒರಗಿ ಕೂತ. ಕೂತಾಗ ಎಷ್ಟು ಸುಖವಾಗಿತ್ತೆಂದರೆ ಅವನಿಗೆ ಅಳು ಬಂತು.

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ತನ್ನ ರೇಷ್ಮೆಗೂಡಿನ ಹರಾಜಿಗೆ ಕಾಯುತ್ತಾ ಈ ಸಂಗತಿಯನ್ನು ಅವನು ತನ್ವೀರನಿಗೆ ಹೇಳಿದ. ತನ್ವೀರ ಚನ್ನಪಟ್ಟಣದಲ್ಲಿ ನೂಲು ತೆಗೆಯುವವನು, ಭಾನುವಾರ ಬಂತೆಂದರೆ ಎಲ್ಲೆಲ್ಲೋ ಓಟದ ಸ್ಪರ್ಧೆಗೆ ಹೋಗುವ ಹುಚ್ಚಿನವನು. ಅವನು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾ ನಕ್ಕ. "ಜಯಣ್ಣ, ಅದು ಓಡಿದ್ದಲ್ಲ, ತಪ್ಪಿಸ್ಕೊಂಡಿದ್ದು. ಓಡೋದಂದ್ರೆ ಬೇರೆ. ಒಂದು ಕಂಬ ಓಡಿ, ಒಂದು ಕಂಬ ನಡೀರಿ. ಆಮೇಲೆ ಎರಡು ಕಂಬ ಓಡಿ, ಒಂದು ಕಂಬ ನಡೀರಿ. ಓಡ್ತಾ ಓಡ್ತಾ ಪಕ್ಕದವನ ಜೊತೆ ಮಾತಾಡೋಕ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಜಾಸ್ತಿ ಜೋರು ಅಂತ. ದಮ್ಮು ನಿಧಾನಕ್ಕೆ ಬರ್ತದೆ ಭಾಯ್, ಕತ್ತು ಹಿಡಿದ್ರೆ ಬರಲ್ಲ." "ನಾನು ಒಬ್ನೇ ಓಡೋದು. ಯಾರ ಜೊತೆ ಮಾತಾಡ್ಲಿ?" ಎಂದು ಇವನು ಕೇಳಿದ. "ನಿಮ್ಮ ಜೊತೆ ನೀವೇ ಮಾತಾಡ್ಕೊಳ್ಳಿ," ಎಂದ ತನ್ವೀರ. ಅಲ್ಲೇ ಇತ್ತು ಕಷ್ಟ. ಇಡೀ ದಿನ ಹುಳದ ಮನೆ, ಹಿಪ್ಪುನೇರಳೆ ಸೊಪ್ಪು, ಅವ್ವನ ಗಂಜಿ, ಅವ್ವನ ಬಟ್ಟೆ ಎಂದು ತನ್ನ ಜೊತೆ ಮಾತಾಡುವುದನ್ನು ತಪ್ಪಿಸಿಕೊಂಡವನು ಬೆಳಗಿನ ಹೊತ್ತು ಕಂಬದಿಂದ ಕಂಬಕ್ಕೆ ತನ್ನ ಕೈಗೇ ಸಿಕ್ಕಿಬೀಳುತ್ತಿದ್ದ.

ಬೇಲಿಗೆ ಲುಂಗಿ ಸಿಕ್ಕಿಸಿ ಅವನು ನಿಧಾನವಾಗಿ ಓಡಲು ಶುರುಮಾಡಿದ. ಇವತ್ತು ಕೆರೆ ಕೋಡಿಯವರೆಗೆ ಹೋಗಿ ಬರಬೇಕು, ಒಂದು ಕಂಬವನ್ನೂ ನಡೆಯಬಾರದು. ನೆನ್ನೆ ರಾತ್ರಿಯೇ ಹಾಗೆಂದು ತೀರ್ಮಾನ ಮಾಡಿಕೊಂಡಿದ್ದ. ಮಳೆಗಾಲ ಕಳೆಯುವ ಹೊತ್ತಿಗೆ ಮಾವಿನ ತೋಪಿನವರೆಗೆ ಬಂದಿದ್ದ, ಅವರೆಕಾಯಿ ಬರುವ ಹೊತ್ತಿಗೆ ಏರಿಯ ಬುಡ ಮುಟ್ಟಿದ್ದ. ಊರಿನವರಿಗೆ ಅವನು ಎಷ್ಟು ದೂರ ಓಡುತ್ತಾನೆ ಎಂಬುದು ಬೇಕಾಗಿರಲಿಲ್ಲ, ಯಾಕೆ ಓಡುತ್ತಾನೆ ಎಂಬುದೇ ತಲೆನೋವು. ಹುಡುಗರು ಓಡಿದರೆ ಪೊಲೀಸ್ ಸೆಲೆಕ್ಷನ್ನಿಗೆ ಎನ್ನುತ್ತಾರೆ. ಮೀಸೆ ನರೆತ ಗಂಡಸು ಹೊತ್ತಾರೆ ರಸ್ತೆಯಲ್ಲಿ ಓಡಿದನೆಂದರೆ ಯಾರಿಗೋ ಜೀವಕ್ಕೆ ಬಂದಿದೆ, ಇಲ್ಲವೇ ಜೀವ ಹೋಗಿದೆ. ಫೋನು ಬರುವ ಮುಂಚೆ ಸಾವಿನ ಸುದ್ದಿ ಹೇಳಲು ಊರಿಂದ ಊರಿಗೆ ಓಡುತ್ತಿದ್ದವರನ್ನು ನೋಡಿದ ಕಣ್ಣುಗಳು ಇವು. ಮೊದಲ ವಾರ ಊರ ಕೊನೆಯ ನಲ್ಲಿಯ ಹತ್ತಿರದ ಹೆಂಗಸರು ಬಿಂದಿಗೆ ಕೆಳಗಿಟ್ಟು, "ಯಾಕ್ ಜಯಣ್ಣ, ಅವ್ವ ಹೆಂಗವ್ಳೆ?" ಎಂದು ಎದೆ ಮೇಲೆ ಕೈಯಿಟ್ಟುಕೊಂಡಿದ್ದರು. ಎರಡನೇ ವಾರ ಒಬ್ಬ ಬೈಕು ನಿಲ್ಲಿಸಿ, "ಹತ್ತು ಹತ್ತು, ಎಲ್ಲಿಗ್ ಬುಡ್ಲಿ?" ಎಂದು ಬಲವಂತವಾಗಿ ಕೂರಿಸಿಕೊಂಡಿದ್ದ. ಸುಮ್ಮನೆ ಓಡುತ್ತಿದ್ದೇನೆ ಎಂದರೆ ಅವನು ನಂಬಲಿಲ್ಲ. ಸುಮ್ಮನೆ ಯಾರಾದರೂ ಓಡುತ್ತಾರೆಯೇ ಎಂದು ಆಮೇಲೆ ಇವನಿಗೂ ಅನ್ನಿಸಿತು.

ಅಣ್ಣ ಸಿದ್ದಯ್ಯ ಮನೆ ಬಿಟ್ಟು ಹೋದದ್ದೂ ಹೀಗೇ ಬೆಳಗಿನ ಹೊತ್ತು. ಅವನಿಗೆ ಎಷ್ಟೋ ವರ್ಷ ಕಾದು ಹುಟ್ಟಿದ ಕೂಸು ಜ್ವರ ಬಂದು ಎರಡೇ ದಿನದಲ್ಲಿ ತೀರಿಹೋಗಿತ್ತು. ಮಣ್ಣು ಮಾಡಿ ಬಂದ ಮಾರನೆಯ ದಿನ, ನೆಂಟರಿಷ್ಟರು ಇನ್ನೂ ಜಗಲಿಯ ಮೇಲಿರುವಾಗ, ಅವ್ವ ಸೊಸೆ ಮಮತಾಳ ಕಡೆ ಕೈ ತೋರಿಸಿ, "ಇವಳ ಕಾಲ್ಗುಣ. ಇವಳು ಹೊಸಲು ತುಳುದ್ಲು, ನನ್ ಮನೆ ಬೆಳಕು ಆರೋಯ್ತು," ಎಂದುಬಿಟ್ಟಳು. ಆ ಮಾತು ಆಡಿದಾಗ ಅವ್ವನಿಗೂ ಹೊಟ್ಟೆ ಉರಿಯುತ್ತಿತ್ತು, ಅದು ಇವನಿಗೆ ಗೊತ್ತು. ಆದರೆ ಆಡಿದ್ದು ಆಡಿದ್ದೇ. ಸಿದ್ದಯ್ಯ ಹೆಂಡತಿಯ ಕೈ ಹಿಡಿದು ಎಬ್ಬಿಸಿದ. "ನೀ ಸತ್ತಾಗ ಬತ್ತೀನಿ ಕಣವ್ವ. ಅಲ್ಲೀಗಂಟ ಈ ಹೊಸಲು ನಾ ತುಳಿಯಾಕಿಲ್ಲ," ಎಂದು ಹೊರಟುಹೋದ. ಮರಳವಾಡಿಯಲ್ಲಿ ಹೆಂಡತಿಯ ತವರಿನ ಕಡೆ ಒಂದು ಮನೆ ಹಿಡಿದ. ಫೋನು ಮಾಡಿದರೆ ಜಯಕುಮಾರನ ಜೊತೆ ಮಾತಾಡುತ್ತಾನೆ, ಅವ್ವನ ವಿಷಯ ಬಂದರೆ ಇಟ್ಟುಬಿಡುತ್ತಾನೆ. ಇಬ್ಬರ ದನಿಯೂ ಒಂದೇ, ಪ್ರತಿಮಾಳೇ ಎಷ್ಟೋ ಸಲ ಫೋನಿನಲ್ಲಿ ಭಾವನನ್ನು ಗಂಡ ಎಂದುಕೊಂಡು ಗದರಿಸಿದ್ದಾಳೆ. ಮಾತಿನಲ್ಲಿ ಮಾತ್ರ ಅವನು ಕಲ್ಲು. ಸತ್ತಾಗ ಬರುತ್ತೇನೆ ಎಂದವನು ಅವಳು ಸಾಯದೆ ಬರುವುದಿಲ್ಲ. ಅವ್ವ ಅವನು ಬರದೆ ಸಾಯುವುದಿಲ್ಲ. ಇವರಿಬ್ಬರ ಹಟದ ನಡುವೆ ನಾನೊಬ್ಬ ಸೊಪ್ಪು ಕೊಯ್ದುಕೊಂಡು, ಬಟ್ಟೆ ಒಗೆದುಕೊಂಡು ಎಷ್ಟು ದಿನ ಇರಲಿ? ಹಾಗೆ ಅಂದುಕೊಂಡ ತಕ್ಷಣ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು.

ಓಟ ಮುಗಿಸಿ ಹೋದ ಕೂಡಲೇ ಅವನು ಅವ್ವನ ಮಂಚದ ಬುಡದಲ್ಲಿ ನೆಲಕ್ಕೆ ಕೂತು ಬೆನ್ನು ಒರಗಿಸುತ್ತಾನೆ. ಅಲ್ಲಿ ಗಚ್ಚು ತಣ್ಣಗಿರುತ್ತದೆ. ಏದುಸಿರಿಗೆ ಮಂಚ ಅಲ್ಲಾಡುತ್ತದೆ. ಅವ್ವ ಕೈ ಚಾಚಿ ಅವನ ಬೆವೆತ ತಲೆಯ ಮೇಲೆ ಇಡುತ್ತಾಳೆ. ಇಟ್ಟು ಕೇಳುವುದು ಏನನ್ನು? "ದೊಡ್ಡೋನು ಬಂದ್ನಾ?" ದಿನಾ ಅದೇ. ಸುಸ್ತಾಯಿತಾ ಮಗ ಎಂದು ಒಂದು ದಿನ ಕೇಳಲಿಲ್ಲ, ನೀರು ಕುಡಿ ಎನ್ನಲಿಲ್ಲ. ಅವನು ಎದ್ದು ಅವಳ ಬಲಗಿವಿಗೆ ಬಾಯಿಟ್ಟು, "ಇಲ್ಲ ಕಣವ್ವ, ನಾನೇ!" ಎಂದು ಕೂಗುತ್ತಾನೆ. ಕೂಗುವಾಗ ಆ ದನಿಯಲ್ಲಿ ಸಿಟ್ಟು ಎಷ್ಟು, ಕಿವುಡಿಗಾಗಿ ಎಷ್ಟು ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ನಾನೇ ಎಂಬುದು ಏನೋ ತಪ್ಪು ಮಾಡಿದವನ ಮಾತಿನ ಹಾಗೆ ಕೇಳಿಸುತ್ತಿತ್ತು.

ಏರಿ ಹತ್ತುವ ದಿಬ್ಬದಲ್ಲಿ ಉಸಿರು ಹೆಚ್ಚಾಯಿತು. ಸಿಟ್ಟಿನಲ್ಲಿ ಜೋರು ಮಾಡಿಬಿಟ್ಟಿದ್ದೇನೆ, ತನ್ವೀರ ಇದ್ದಿದ್ದರೆ ಬೈಯುತ್ತಿದ್ದ ಎಂದುಕೊಳ್ಳುವಾಗ ಎದುರಿಗೆ ಬೋರಲಿಂಗಯ್ಯನ ಮೊಪೆಡ್ಡು ಬಂತು. ಡೈರಿಗೆ ಹಾಲು ಹಾಕುವ ಮುದುಕ. ಊರಿನ ಯಾವ ಸಾವಿಗೂ ಮೊದಲು ಸುದ್ದಿ ಮುಟ್ಟಿಸುವುದು ತಾನೇ ಎಂಬ ಹೆಮ್ಮೆಯವನು, ಸತ್ತವರ ಕಡೆಯವರ ನಂಬರೆಲ್ಲ ಅವನ ಫೋನಿನಲ್ಲಿದೆ. ಇಷ್ಟು ದಿನ ಇವನು ಏರಿಯ ಬುಡದಲ್ಲೇ ಹಿಂದಿರುಗುತ್ತಿದ್ದುದರಿಂದ ಏರಿಯ ಆಚೆ ತೋಟದ ಮನೆಯಲ್ಲಿರುವ ಮುದುಕನ ಕಣ್ಣಿಗೆ ಬಿದ್ದಿರಲಿಲ್ಲ. "ಯಾಕ್ಲಾ ಜಯ? ಏನಾಯ್ತ್ಲಾ?" ಎಂದು ಕಾಲು ಊರಿ ನಿಲ್ಲಿಸಿದ. ಜಯಕುಮಾರನಿಗೆ ಏನೂ ಇಲ್ಲ ಎನ್ನಬೇಕಾಗಿತ್ತು. ಬಾಯಿ ತೆರೆದರೆ ಗಾಳಿ ಬಂತು, ಮಾತು ಬರಲಿಲ್ಲ. ಕಣ್ಣಿಗೆ ಬೆವರು ಇಳಿದು ಉರಿಯುತ್ತಿತ್ತು, ಅಂಗೈಯಲ್ಲಿ ಒರೆಸಿಕೊಂಡ. ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ. ಲುಂಗಿ ಕೂಡ ಉಟ್ಟುಕೊಳ್ಳದೆ ಚಡ್ಡಿಯಲ್ಲಿ ಓಡಿಬಂದಿದ್ದಾನೆ. "ಅಯ್ಯೋ ಶಿವನೇ... ಅಂಬುಜಕ್ಕ ಹೋಗ್ಬುಟ್ಳಾ? ನೀ ನಡಿ, ಹೋಗೋ ಕಡೀಕ್ ನಡಿ. ನಿಮ್ ಅಣ್ಣಂಗೆ ನಾ ತಿಳಿಸ್ತೀನಿ," ಎನ್ನುತ್ತಲೇ ಅವನು ಗಾಡಿ ಬಿಟ್ಟ. ಹಾಲಿನ ಕ್ಯಾನು ಗಡಗಡ ಸದ್ದು ಮಾಡುತ್ತಾ ದಿಬ್ಬ ಇಳಿಯಿತು.

ಕೂಗಬಹುದಾಗಿತ್ತು. ಚಡ್ಡಿಯ ಜೇಬಿನಲ್ಲಿ ಫೋನಿತ್ತು, ನಿಂತು ಒಂದು ಮಾತು ಹೇಳಿದರೆ ಮುಗಿದುಹೋಗುತ್ತಿತ್ತು. ಅವನು ನಿಲ್ಲಲಿಲ್ಲ. ನಿಂತರೆ ಒಂದು ಕಂಬ ನಡೆದ ಹಾಗಾಗುತ್ತದೆ ಎಂಬುದು ಮೊದಲು ಹೊಳೆದ ಕಾರಣ. ಎಂಥ ಹಾಳು ಕಾರಣ! ಆಮೇಲೆ, ಅಣ್ಣ ಬರುತ್ತಾನಲ್ಲ ಎಂಬುದು ಹೊಳೆಯಿತು. ಸತ್ತಾಗ ಬರುತ್ತೇನೆ ಎಂದಿದ್ದಾನೆ, ಸತ್ತಿದ್ದಾಳೆಂದು ಬರುತ್ತಾನೆ, ಬದುಕಿರುವ ಅವ್ವ ಅವನ ತಲೆ ಸವರುತ್ತಾಳೆ. ಇದಕ್ಕಿಂತ ಪುಣ್ಯದ ಕೆಲಸ ಇನ್ನೇನಿದೆ? ಆದರೆ ಈ ಎರಡಕ್ಕೂ ಮುಂಚೆ ಇನ್ನೊಂದು ನಡೆದುಹೋಗಿತ್ತು, ಅದನ್ನು ಅವನು ತನ್ನ ಜೊತೆ ಮಾತಾಡಿಕೊಳ್ಳಲಾರ. ಹೋಗ್ಬುಟ್ಳಾ ಎಂದು ಮುದುಕ ಕೇಳಿದ ಆ ಗಳಿಗೆ ಅವನ ಕಾಲು ಹಗುರವಾಗಿತ್ತು. ದಿಬ್ಬ ಇದ್ದದ್ದು ಇಲ್ಲವಾದ ಹಾಗೆ ಅವನು ಏರಿಯ ಮೇಲಿದ್ದ. ಕೆರೆಯ ನೀರಿನ ಮೇಲೆ ಮಂಜು ಕೂತಿತ್ತು. ಇನ್ನು ಬಕೆಟ್ಟಿಲ್ಲ, ಇನ್ನು ಗಂಜಿಯಿಲ್ಲ, ಇನ್ನು ದೊಡ್ಡೋನು ಬಂದ್ನಾ ಇಲ್ಲ ಎಂದು ಹೆಜ್ಜೆಗೊಂದರಂತೆ ಮನಸ್ಸು ಹೇಳಿಕೊಂಡು ಹೋಯಿತು. ಉಸಿರು ತಾನಾಗಿ ತಹಬಂದಿಗೆ ಬಂದಿತ್ತು, ಯಾರಾದರೂ ಪಕ್ಕದಲ್ಲಿದ್ದರೆ ಧಾರಾಳವಾಗಿ ಮಾತಾಡಬಹುದಾಗಿತ್ತು. ತೊಡೆಯ ಮೇಲೆ ಫೋನು ನಡುಗತೊಡಗಿತು, ನಿಂತಿತು, ಮತ್ತೆ ನಡುಗಿತು. ಅಣ್ಣನದೇ ಇರಬೇಕು. ಅವನು ಕೋಡಿಯ ಕಲ್ಲು ಮುಟ್ಟಿ ಹಿಂದಿರುಗಿದ. ದೇವರಾಣೆಗೂ ಅಷ್ಟು ಚೆನ್ನಾಗಿ ಅವನು ಎಂದೂ ಓಡಿರಲಿಲ್ಲ.

ಬೇಲಿಯ ಹತ್ತಿರ ಲುಂಗಿ ಇರಲಿಲ್ಲ. ಸಾವಿನ ಮನೆಯದು ಎಂದು ಯಾರೋ ತೆಗೆದುಕೊಂಡು ಹೋಗಿ ಮನೆಗೆ ಮುಟ್ಟಿಸಿದ್ದರು, ಆಮೇಲೆ ತಿಳಿಯಿತು. ಚಡ್ಡಿಯಲ್ಲೇ ಬೀದಿ ದಾಟಿದ. ಮನೆಯ ಮುಂದೆ ಜನ ನೆರೆದಿದ್ದರು. ಒಬ್ಬಿಬ್ಬರು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಂದವರು ಈಗ ಅದೇ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ಬೋರಲಿಂಗಯ್ಯ ಜಗಲಿಯ ಕಂಬಕ್ಕೆ ಒರಗಿ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದ. ಜಯಕುಮಾರನ ಚಡ್ಡಿಯನ್ನು, ಮೊಣಕಾಲುಗಳನ್ನು ಎಲ್ಲರೂ ನೋಡಿದರು. ಪ್ರತಿಮಾ ಲುಂಗಿ ತಂದು ಅವನ ಎದೆಗೆ ಎಸೆದಳು. ಅವಳ ವ್ಯಾನು ಹೊರಟುಹೋಗಿತ್ತು. "ಬದುಕಿರೋ ಜೀವಕ್ಕೆ ಮಣ್ಣು ಹಾಕ್ಸಕ್ ಜನ ಕರ್ಸೀರಲ್ಲ! ಮರಳವಾಡಿಗೂ ಫೋನ್ ಹೋಗೈತಂತೆ. ನಾ ಮಾಡುದ್ರೆ ಭಾವ ಎತ್ತುತಿಲ್ಲ, ಗಾಡಿ ಮೇಲವ್ರೆ ಅಂತ ಕಾಣ್ತದೆ. ನೀವಾರ ಮಾಡಿ, ಬರ್ಬೇಡಿ ಅನ್ನಿ," ಎಂದಳು. ಅವನು ಫೋನು ಕೈಗೆ ತೆಗೆದುಕೊಂಡ, ನೋಡಿದ, ಮತ್ತೆ ಜೇಬಿಗಿಟ್ಟ. ಪ್ರತಿಮಾ ಅವನ ಮುಖ ನೋಡಿ ತನ್ನ ಫೋನನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹನ್ನೆರಡು ಊರಿನ ಬುದ್ಧಿ ಅವಳಿಗೆ, ಅರ್ಥವಾಗದೆ ಇರುತ್ತದೆಯೇ?

ಒಳಗೆ ಅವ್ವ ಮಂಚದ ಮೇಲೆ ಎದ್ದು ಕೂರಲು ಒದ್ದಾಡುತ್ತಿದ್ದಳು. ಅಂಗಳದ ತುಂಬ ಓಡಾಡುವ ಹೆಜ್ಜೆಗಳು ಅವಳಿಗೆ ನೆಲದಿಂದ ಮುಟ್ಟಿದ್ದವು. ಅವನು ಹೊಸಿಲಿಗೆ ಬಂದಾಗ ಅವಳು ಯಾರಿಗೆಂದಿಲ್ಲದೆ ಕೇಳುತ್ತಿದ್ದಳು. "ಯಾರ್ಲಾ ಹೋದ್ರು? ಜನ ಯಾಕ್ ಸೇರವ್ರೆ? ಪಾಪ, ಯಾರ್ ಮನೇದು?" ಇವತ್ತು ಮಂಚದ ಬುಡದಲ್ಲಿ ಕೂರಲು ಅವನಿಗೆ ಮುಖವಿರಲಿಲ್ಲ. ಲುಂಗಿ ಸುತ್ತಿಕೊಂಡು ಜಗಲಿಯ ಮೇಲೆ ಕೂತು ರಸ್ತೆ ನೋಡತೊಡಗಿದ. ಬೆವರು ಮೈಮೇಲೆ ಆರಿ ಉಪ್ಪಾಯಿತು. ಕೆಲವರು ಎದ್ದು ಹೋದರು, ಕೆಲವರು ಮುಂದೇನಾಗುತ್ತದೆ ನೋಡೋಣವೆಂದು ಉಳಿದರು.

ಹೊತ್ತು ಏರಿದ ಮೇಲೆ ಸಿದ್ದಯ್ಯ ಓಡಿಬಂದ. ಮೋರಿ ಹಾಕಲು ರಸ್ತೆ ಅಗೆದಿದ್ದ ಕಡೆ ಬೈಕು ಬಿಟ್ಟು ಅಲ್ಲಿಂದ ಒಂದೇ ಓಟ. ಬಾಯಿ ತೆರೆದುಕೊಂಡು, ಕೈ ಎಲ್ಲೋ ಕಾಲು ಎಲ್ಲೋ, ಮುಂದಕ್ಕೆ ಬೀಳುವವನಂತೆ ಬರುತ್ತಿದ್ದ. ಬಹಳ ಜೋರು, ಹೀಗೆ ಓಡಿದರೆ ದಮ್ಮು ಉಳಿಯುವುದಿಲ್ಲ ಎಂದು ಜಯಕುಮಾರನ ತಲೆಗೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು. ಅಣ್ಣ ಅಷ್ಟೊಂದು ಮುದುಕನಾಗಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅತ್ತ ಮುಖ ಊದಿಕೊಂಡಿತ್ತು. ಹಿಂದೆ ದೂರದಲ್ಲಿ ಅತ್ತಿಗೆ ಮಮತಾ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಸೇವಂತಿಗೆ ಹಾರ. ಸಿದ್ದಯ್ಯ ಅಂಗಳಕ್ಕೆ ಬಂದು ನಿಂತ. ಹೊರಗೆ ಮಲಗಿಸಿದ ಹೆಣವಿಲ್ಲ, ಬೆಂಕಿಯಿಲ್ಲ. ತೆರೆದ ಬಾಗಿಲಿನಿಂದ ಅವ್ವನ ಮಾತು ಕೇಳಿಸಿತು. "ಯಾರ್ಲಾ ಹೋದ್ರು, ಯಾರಾರ ಹೇಳ್ರಪ್ಪ."

ಸಿದ್ದಯ್ಯ ಬೋರಲಿಂಗಯ್ಯನನ್ನು ನೋಡಿದ, ಬೋರಲಿಂಗಯ್ಯ ಜಯಕುಮಾರನನ್ನು ನೋಡಿದ. ಯಾರೋ ಹಿಂದೆ ಕಿಸಕ್ಕೆಂದರು. ಅಣ್ಣನ ಮುಖಕ್ಕೆ ರಕ್ತ ಏರುವುದು ಜಯಕುಮಾರನಿಗೆ ಕಾಣಿಸಿತು. ಇನ್ನೊಂದು ಗಳಿಗೆ ಬಿಟ್ಟರೆ ತಿರುಗಿ ಹೋಗಿಬಿಡುತ್ತಾನೆ. "ಕಾಗೆ ಬಡೀತು ಅಣ್ಣ," ಎಂದ ಅವನು, ಎದ್ದು ನಿಂತು. "ಹೊತ್ತಾರೆ ಬೇಲಿ ತಾವ ನನ್ ತಲೆಗೆ ಕಾಗೆ ಬಡೀತು. ಅದುಕ್ಕೆ ಸುದ್ದಿ ಕಳಿಸ್ದೆ." ನೆರೆದವರು ಓಹೋ ಎಂದರು. ಕಾಗೆ ತಲೆಗೆ ಬಡಿದರೆ ಸಾವು ಬೆನ್ನಿಗೆ ಬಿದ್ದಿದೆ ಎಂದು ಲೆಕ್ಕ. ಸತ್ತರೆಂದು ದೂರದ ಬಂಧುಗಳಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ಅಳಬೇಕು, ಅತ್ತರೆ ಕಂಟಕ ಕಳೆಯಿತು. ಅತ್ತವರು ಪುಣ್ಯವಂತರು, ಅವರಿಗೆ ಅವಮಾನವಿಲ್ಲ, ಸಿಟ್ಟು ಮಾಡಿಕೊಳ್ಳುವಂತೆಯೂ ಇಲ್ಲ. ಬೋರಲಿಂಗಯ್ಯನಿಗೆ ಹೋದ ಜೀವ ಬಂದಂತಾಯಿತು. ತನಗೂ ಮೊದಲೇ ಗೊತ್ತಿದ್ದವನ ಹಾಗೆ ತಲೆ ಆಡಿಸಿದ.

ಸಿದ್ದಯ್ಯ ಏದುಸಿರು ಬಿಡುತ್ತಲೇ ಕೇಳಿದ. "ಬಡುದಿದ್ದು ನಿಂಗಾ?"

"ಹೂಂ."

"ಹಂಗಾರೆ ನಿನ್ ಸುದ್ದಿ ಕಳಿಸ್ಬೇಕಾಗಿತ್ತು ಕಣ್ಲಾ. ಅವ್ವಂದು ಯಾಕ್ಲಾ ಕಳಿಸ್ದೆ?"

"ನನ್ ಸುದ್ದೀಗೆ ನೀ ಬತ್ತಿದ್ಯಾ ಅಣ್ಣ?"

ಸುಳ್ಳನ್ನು ಜೋಡಿಸಿಕೊಂಡು ಹೋಗುವಾಗ ಈ ನಿಜ ಎಲ್ಲಿಂದ ಬಾಯಿಗೆ ಬಂತೋ ಅವನಿಗೆ ತಿಳಿಯಲಿಲ್ಲ. ಸಿದ್ದಯ್ಯ ತಮ್ಮನನ್ನು ಒಂದು ಸಲ ಪೂರ್ತಿಯಾಗಿ ನೋಡಿದ, ಬೂಟು, ಧೂಳು, ಬತ್ತಿದ ಕೆನ್ನೆ, ಎಲ್ಲವನ್ನೂ. ಆಮೇಲೆ ಚಪ್ಪಲಿ ಬಿಟ್ಟು ಹೊಸಿಲು ದಾಟಿದ.

ಒಳಗೆ ಮಂಚದ ಪಕ್ಕ ಕೂರಲು ಬೇರೆ ಜಾಗವಿರಲಿಲ್ಲ. ಓಡಿಬಂದ ಸಿದ್ದಯ್ಯ ಮಂಚದ ಬುಡದಲ್ಲೇ ಕುಸಿದು ಬೆನ್ನು ಒರಗಿಸಿದ. ಎದೆ ತಿದಿಯೊತ್ತಿದ ಹಾಗೆ ಏಳುತ್ತಿತ್ತು, ಮಂಚ ಅಲ್ಲಾಡುತ್ತಿತ್ತು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಬಾಗಿಲಲ್ಲಿ ನಿಂತ ಜಯಕುಮಾರನಿಗೆ ತನ್ನನ್ನೇ ನೋಡಿದ ಹಾಗಾಯಿತು. ಅವ್ವನ ಕೈ ಬಂತು. ಹುಡುಕಿತು, ಬೆವೆತ ತಲೆ ಸಿಕ್ಕಿತು, ಅದರ ಮೇಲೆ ನಿಂತಿತು.

"ಬಂದ್ಯಾ ಜಯಾ," ಎಂದಳು ಅವ್ವ. "ಏನ್ ಉಸ್ರು ಬುಡ್ತೀಯೋ ಇವತ್ತು, ಎದೆ ಒಡ್ಕೊಂಡ್ಬುಟ್ಟೀಯ. ಬ್ಯಾಡ ಕಣಪ್ಪ ಈ ಓಡಾಟ, ಬುಟ್ಬುಡು. ಹೊಂಟ್ಯಾ ಅಂದ್ರೆ ಮಾತಾಡಾಕಿಲ್ಲ ನೀನು. ದೊಡ್ಡೋನೂ ಹಿಂಗೇ ಬೆಳಗಿನ್ ಹೊತ್ತು ಹೊಂಟೋದ. ನೀನೂ ಹಂಗೇ ಹೊಂಟೋದ್ರೆ ಅಂತ ದಿನಾ ಭಯ ಕಣೋ ನಂಗೆ. ನೀ ಬಂದು ಇಲ್ಲಿ ಕುಂತ್ಕಂಡು ಉಸ್ರು ಬುಟ್ಟಾಗ್ಲೇ ನಂಗೆ ಜೀವ ಬರಾದು." ಸ್ವಲ್ಪ ಹೊತ್ತು ಅವಳ ಬೆರಳು ಆ ತಲೆಯ ಮೇಲೆ ಓಡಾಡಿತು. ಆಮೇಲೆ ಎಂದಿನಂತೆ ಕೇಳಿದಳು. "ದೊಡ್ಡೋನು ಬಂದ್ನಾ?"

ಸಿದ್ದಯ್ಯ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಜಯಕುಮಾರ ಮೂರು ಹೆಜ್ಜೆ ಮುಂದಿಟ್ಟು ಬಲಗಿವಿಗೆ ಬಾಯಿಟ್ಟರೆ ಸಾಕಾಗಿತ್ತು. ಬಂದಿದ್ದಾನೆ ಕಣವ್ವ, ನಿನ್ನ ಕೈ ಕೆಳಗೇ ಇದ್ದಾನೆ ಎಂದರೆ ಸಾಕಾಗಿತ್ತು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ? ಅವನು ಚೌಕಟ್ಟು ಹಿಡಿದು ನಿಂತ. ಕೈ ಇನ್ನೊಬ್ಬನ ತಲೆಯ ಮೇಲಿತ್ತು, ಹೆಸರು ಮಾತ್ರ ತನ್ನದಾಗಿತ್ತು. ಇಷ್ಟು ವರ್ಷಕ್ಕೆ ಒಂದು ಸಲ ತನ್ನ ಪಾಲಿಗೆ ಬಂದದ್ದನ್ನು ಬಿಟ್ಟುಕೊಡಲು ಅವನಿಂದ ಆಗಲಿಲ್ಲ, ಇನ್ನೊಂದು ಗಳಿಗೆ ಇರಲಿ, ಇನ್ನೊಂದೇ ಗಳಿಗೆ ಎಂದು ಅವನು ಉಸಿರು ಹಿಡಿದ. ಆ ಗಳಿಗೆಯಲ್ಲೇ ಸಿದ್ದಯ್ಯ ಅವ್ವನ ಅಂಗೈ ಕೆಳಗೆ ಮೆಲ್ಲಗೆ ತಲೆ ಅಲ್ಲಾಡಿಸಿದ. ಇಲ್ಲ, ಬಂದಿಲ್ಲ.

"ಇಲ್ವಾ," ಎಂದಳು ಅವ್ವ. "ಹೋಗ್ಲಿ ಬುಡು."

ಸಿದ್ದಯ್ಯ ಆ ಕೈಯನ್ನು ಎತ್ತಿ ಹಾಸಿಗೆಯ ಮೇಲಿಟ್ಟು ಹೊರಗೆ ಬಂದ. ಜಗಲಿಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ತಮ್ಮನ ಮುಖ ನೋಡದೆ ಹೇಳಿದ. "ಅವ್ಳು ಕಾಯ್ತಿರಾದು ನನ್ನಲ್ಲ ಕಣ್ಲಾ." ಮಮತಾ ಅಂಗಳದ ಆಚೆಯೇ ನಿಂತಿದ್ದಳು. ಒಳಗೆ ಬನ್ನಿ ಅಕ್ಕ ಎಂದು ಪ್ರತಿಮಾ ಕರೆದರೆ, "ನನ್ ಕಾಲು ಯಾಕವ್ವ, ಬ್ಯಾಡ," ಎಂದಳು, ಸಿಟ್ಟಿಲ್ಲದೆ. ಹೆಣದ ಹಾರವನ್ನು ಬದುಕಿದವರ ಮನೆಯಲ್ಲಿ ಕೊಡುವಂತಿಲ್ಲ, ವಾಪಸ್ಸು ಒಯ್ಯುವಂತಿಲ್ಲ. ಅವಳು ಕವರನ್ನು ಹಿಪ್ಪುನೇರಳೆ ತೋಟದ ಬೇಲಿಗೆ ಸಿಕ್ಕಿಸಿದಳು. ಗಂಡ ಹೆಂಡತಿ ರಸ್ತೆಗಿಳಿದು ನಡೆದರು. ಈಗ ಓಡಿದರೆ ಮೋರಿಯ ಹತ್ತಿರ ಸಿಗುತ್ತಾರೆ, ಅಷ್ಟು ದಮ್ಮು ನನಗಿದೆ ಎಂದು ಜಯಕುಮಾರ ಅಂದುಕೊಂಡ. ಅಂದುಕೊಳ್ಳುತ್ತಾ ನಿಂತೇ ಇದ್ದ. ಬೈಕಿನ ಸದ್ದು ಕೇಳಿ, ಆಮೇಲೆ ಕೇಳದಾಯಿತು.

ಜನ ಚದುರಿದರು. ಪ್ರತಿಮಾ ಹುಳದ ಮನೆಗೆ ಸೊಪ್ಪು ಹಾಕಲು ಹೋದಳು. ಅವನು ಒಳಗೆ ಹೋಗಿ, ಬುಡದಲ್ಲಲ್ಲ, ಮಂಚದ ಮೇಲೇ ಅವ್ವನ ಪಕ್ಕ ಕೂತ. ಕೈಯಲ್ಲಿ ಗಂಜಿಯ ಬಟ್ಟಲಿರಲಿಲ್ಲ, ಒದ್ದೆ ಬಟ್ಟೆಯಿರಲಿಲ್ಲ. ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಹೀಗೆ ಕೂತು ಎಷ್ಟು ಕಾಲವಾಯಿತೆಂದು ನೆನಪಾಗಲಿಲ್ಲ. ಅವ್ವ ಅಲುಗದೆ ಮಂಚದ ಅಲ್ಲಾಟಕ್ಕೆ ಕಾದಳು. ಅವನ ಉಸಿರು ನಿಧಾನವಾಗಿತ್ತು, ಮಂಚ ಅಲ್ಲಾಡಲಿಲ್ಲ.

"ಯಾರು?" ಎಂದಳು. "ಜಯ ಅಲ್ಲ. ಕೆಲ್ಸ ಇಲ್ದೆ ಅವ್ನು ನನ್ ತಾವ ಹಿಂಗೆ ಕುಂತ್ಕಳಾಕಿಲ್ಲ." ಅವಳ ಬೆರಳು ಅವನ ಮಣಿಕಟ್ಟು ಹಿಡಿಯಿತು. "ದೊಡ್ಡೋನಾ?"

ಅವನು ಬಗ್ಗಿ ಬಲಗಿವಿಗೆ ಬಾಯಿಟ್ಟ. ದಿನಾ ಕೂಗುವ ಮಾತು ನಾಲಿಗೆಯ ಮೇಲೆ ಬಂತು. ಅದನ್ನು ನುಂಗಿದ. "ಹೂಂ ಕಣವ್ವ," ಎಂದ. "ಬಂದಿದ್ದೀನಿ."

ಅವ್ವ ಅಳಲಿಲ್ಲ. ಮುಖ ಸಡಿಲವಾಯಿತು ಅಷ್ಟೇ. ಅವನ ಕೈಯನ್ನು ಎದೆಗೆ ಒತ್ತಿಕೊಂಡಳು. "ಅವತ್ತು ಆ ಮಾತು ಆಡ್ಬಾರ್ದಾಗಿತ್ತು ಕಣಪ್ಪ," ಎಂದಳು, "ಮಮತಂಗೆ ಹೇಳ್ಬುಡು." ಹೂಂ ಎಂದ. ಅವಳ ಕುರುಡು ಕಣ್ಣು ಬಾಗಿಲ ಕಡೆ ತಿರುಗಿತು. "ಜಯ ಈಗ್ತಾನೆ ಇಲ್ಲೇ ಕುಂತಿದ್ದ. ಎದ್ದೋದ. ಮತ್ತೆ ಓಡಾಕ್ ಹೋದ್ನೋ ಏನೋ. ಕೂಗಪ್ಪ ಅವನ್ನ, ಒಸಿ ಬೇಗ ಕೂಗು. ನಂಗೆ ಭಯ ಆಯ್ತದೆ. ಅವ್ನು ಬರ್ಲಿ."

ಅವನು ಕೈ ಬಿಡಿಸಿಕೊಂಡು ಎದ್ದು ಜಗಲಿಗೆ ಬಂದ. ಅವ್ವನ ಹತ್ತಿರ ಜಯನಾಗಿ ಹೋಗಿ ಕೂರಬೇಕೆಂದರೆ ಏದುಸಿರು ಬೇಕು, ಬೆವರು ಬೇಕು. ಲುಂಗಿ ಬಿಚ್ಚಿ ಜಗಲಿಯ ಮೇಲೆ ಹಾಕಿದ. ಹೊತ್ತು ಏರಿದ ಬಿಸಿಲಿನಲ್ಲಿ, ಊರಿನ ನಡುಬೀದಿಯಲ್ಲಿ, ಚಡ್ಡಿಯಲ್ಲಿ ಓಡಲು ಶುರುಮಾಡಿದ. ನಲ್ಲಿಯ ಹತ್ತಿರ ಯಾರೋ ಬಿಂದಿಗೆ ಇಳಿಸಿ, "ಯಾಕ್ ಜಯಣ್ಣ, ಮತ್ತೇನಾಯ್ತು?" ಎಂದರು. ಅವನು ನಿಲ್ಲಲಿಲ್ಲ. ತನ್ವೀರ ಹೇಳಿದ್ದನ್ನೆಲ್ಲ ಬಿಟ್ಟು, ಅಣ್ಣ ಓಡಿಬಂದ ಹಾಗೆ ಬಾಯಿ ತೆರೆದುಕೊಂಡು, ಇದ್ದಷ್ಟು ಜೋರಾಗಿ ಓಡಿದ. ಕಂಬದ ಮೇಲೆ ಕಂಬ ದಾಟಿದ. ಕಣ್ಣು ತುಂಬಿಕೊಂಡು ಮುಂದಿನ ಕಂಬ ಸರಿಯಾಗಿ ಕಾಣಿಸುತ್ತಿರಲಿಲ್ಲ. ಏದುಸಿರು ಇನ್ನೂ ಬಂದಿರಲಿಲ್ಲ.